ಅಮೆರಿಕದ ಆಭರಣದಂಗಡಿಯ ಹಳೆ ಚಲಿಸುವ ಬೊಂಬೆ: ಪ್ಲಗ್ ಹಾಕಬಹುದಾ?

ಚಿಕ್ಕಪ್ಪ ಅಮೆರಿಕದಿಂದ ತಂದ ಹಳೆ ಬೊಂಬೆ, ಮದುಮಕ್ಕಳ ಜೋಡಿ, ಪೀಠದಲ್ಲಿ ‘ಬರಾಂಜರ್’ ಅಂತ ಹೆಸರು. ಇದೇನು, ಬೆಂಗಳೂರಲ್ಲಿ ಪ್ಲಗ್ ಹಾಕಬಹುದಾ, ಹೊಸ ಬಣ್ಣ ಹೊಡೆಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಪ್ಲಗ್ ಹಾಕಬೇಡಿ.

ಇದು ಆಟಿಕೆ ಅಲ್ಲ. ಅಂಗಡಿ ಕಿಟಕಿಯಲ್ಲಿ ದಿನವಿಡೀ ದುಡಿಯಲೆಂದೇ ಮಾಡಿದ ಯಂತ್ರ. ಕ್ಯಾಲಿಫೋರ್ನಿಯಾದ ಸೌತ್ ಪ್ಯಾಸಡೀನಾದಲ್ಲಿ ಬರಾಂಜರ್ ದಂಪತಿ 1925ರಲ್ಲಿ ಶುರುಮಾಡಿದ ಸ್ಟುಡಿಯೊದ್ದು. 1937ರಿಂದ 1950ರ ದಶಕದ ಕೊನೆವರೆಗೆ ಅಲ್ಲಿ ಇಂಥ 160ಕ್ಕೂ ಹೆಚ್ಚು ಬಗೆ ತಯಾರಾದವು. ಒಂದೊಂದರದ್ದು ಸುಮಾರು 30 ಪ್ರತಿ ಮಾತ್ರ. ಮಾರಾಟಕ್ಕಲ್ಲ, ಆಭರಣದಂಗಡಿಗಳಿಗೆ ಬಾಡಿಗೆಗೆ. ತಿಂಗಳಾದ ಮೇಲೆ ಮರದ ಪೆಟ್ಟಿಗೆಯಲ್ಲಿ ಮುಂದಿನ ಊರಿಗೆ ಹೊರಡುತ್ತಿತ್ತು. ನಿಮ್ಮ ಬೊಂಬೆಗೆ ಆ ಪೆಟ್ಟಿಗೆಯೂ ಸಿಕ್ಕಿದ್ದರೆ ಅದನ್ನು ಎಸೆಯಲೇಬೇಡಿ. ವಜ್ರದ ಉಂಗುರ ಮಾರೋ ಅಂಗಡಿಗೆ ಮದುವೆ ಜೋಡಿಗಿಂತ ಒಳ್ಳೆ ಜಾಹೀರಾತು ಬೇಕಾ? (ಪ್ಯಾರಿಸ್‌ನಲ್ಲಿ ಅಂಗಡಿ ಕಿಟಕಿಗೆ ಚಲಿಸುವ ಬೊಂಬೆ ಮಾಡೋದು ಇನ್ನೂ ಹಳೆಯ ಕಸುಬು. ರುಲೆ ದೆಕಾಂ ಎಂಬ ಬೊಂಬೆ ತಯಾರಕರು 1909ರಲ್ಲೇ ಬಾನ್ ಮಾರ್ಶೆ ಅಂಗಡಿಯ ಕಿಟಕಿಯಲ್ಲಿ ಉತ್ತರ ಧ್ರುವದ ದೃಶ್ಯವನ್ನೇ ಚಲಿಸುವಂತೆ ಮಾಡಿದ್ದರು.)

ಈಗ ಕರೆಂಟಿನ ವಿಷಯ. ಮೋಟಾರು ಅಮೆರಿಕದ 110-120 ವೋಲ್ಟಿಗೆ ಮಾಡಿದ್ದು. ನಮ್ಮ 230ಕ್ಕೆ ನೇರ ಹಾಕಿದರೆ ಸುಟ್ಟೇ ಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಆದರೆ ಆವರ್ತನವನ್ನು, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅನ್ನೋದನ್ನು, ಬದಲಿಸುವುದಿಲ್ಲ: ಅಲ್ಲಿ 60 ಹರ್ಟ್ಜ್, ಇಲ್ಲಿ 50. ಹಾಗಾಗಿ ಇಂಥ ಎಸಿ ಮೋಟಾರು ಸುಮಾರು ಆರನೇ ಒಂದು ಭಾಗ ನಿಧಾನವಾಗಿ ತಿರುಗಬಹುದು, ಬಿಸಿಯೂ ಜಾಸ್ತಿ ಆಗಬಹುದು. ಸ್ವಲ್ಪ ಹೊತ್ತು ಓಡಿಸಿ, ಮೋಟಾರು ಮುಟ್ಟಿ ನೋಡಲು ಆಗದಷ್ಟು ಕಾದರೆ ನಿಲ್ಲಿಸಿಬಿಡಿ.

ಅದಕ್ಕೂ ಮುಂಚೆ ತಳದ ಹಲಗೆ ಬಿಚ್ಚಿ ಒಳಗೆ ನೋಡಿ. ಸಾಮಾನ್ಯವಾಗಿ ಒಂದೇ ಮೋಟಾರು. ಅದರ ವೇಗ ತಗ್ಗಿಸಲು ಗೇರು, ಆಮೇಲೆ ಕ್ಯಾಮ್ (ತಿರುಗುತ್ತಾ ಪಕ್ಕದ ಭಾಗವನ್ನು ತಳ್ಳುವ ಓರೆ ಚಕ್ರ), ಸನ್ನೆಕೋಲು, ತಂತಿ. ಕೈ, ತಲೆ, ಸೊಂಟ ಎಲ್ಲ ಅದೊಂದರಿಂದಲೇ ಅಲುಗುತ್ತವೆ. ಈ ಜೋಡಣೆ ನೋಡಿದಾಗೆಲ್ಲ ನನಗೆ ಆ ಕೆಲಸಗಾರರ ಮೇಲೆ ಗೌರವ ಬರುತ್ತದೆ. ಹಳೆ ಗ್ರೀಸ್ ಗಟ್ಟಿಯಾಗಿ ಮೇಣದಂತೆ ಕೂತಿರುತ್ತದೆ. ಬಲವಂತ ಮಾಡಿದರೆ ಮುರಿಯೋದು ಗೇರಿನ ಹಲ್ಲು. ಹಳೆ ಗ್ರೀಸ್ ಕೆರೆದು ತೆಗೆದು ಗಡಿಯಾರದ ಎಣ್ಣೆ ಒಂದೊಂದು ಹನಿ ಬಿಡಿ. ವಯರಿನ ರಬ್ಬರ್ ಪುಡಿಪುಡಿ ಆಗಿದ್ದರೆ ಎಲೆಕ್ಟ್ರಿಷಿಯನ್ ಹತ್ತಿರ ಬದಲಿಸಿಕೊಳ್ಳಿ. ಹಳೆ ವಯರೇ ಇರಲಿ ಅನ್ನೋ ಮೋಹ ಬೇಡ, ಶಾಕ್ ಹೊಡೆದೀತು. ಆಮೇಲೆ ಕೈಯಿಂದಲೇ ಒಂದು ಪೂರ್ತಿ ಸುತ್ತು ತಿರುಗಿಸಿ. ಎಲ್ಲೂ ಹಿಡಿಯದಿದ್ದರೆ ಮಾತ್ರ ಕರೆಂಟು.

ಬಣ್ಣ ಬೇಡ. ಸಂಗ್ರಹಕಾರರು ಮೊದಲು ನೋಡೋದೇ ಹಳೆ ಬಣ್ಣ. ಅಲ್ಲಲ್ಲಿ ಎದ್ದಿದ್ದರೂ ಅದು ಅಸಲಿ. ನೀರು, ಸೋಪು ಮುಟ್ಟಿಸಬೇಡಿ, ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದರೆ ಸಾಕು. ಹಳೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ, ಆದ್ದರಿಂದ ಉಪ್ಪುಕಾಗದ ತಿಕ್ಕಬೇಡಿ, ಮಕ್ಕಳ ಕೈಗೂ ಕೊಡಬೇಡಿ.

ತಳದ ಒಳಭಾಗದ ಫೋಟೊ ಹಾಕಿ. ಮೋಟಾರಿನ ಫಲಕ ಕಂಡರೆ ಎಷ್ಟು ವ್ಯಾಟಿನ ಟ್ರಾನ್ಸ್‌ಫಾರ್ಮರ್ ಬೇಕು ಅಂತ ಹೇಳುತ್ತೇನೆ.