ಕನ್ನ ಕೊರೆದವರ ದಂಡ ಊರಿನ ಮೇಲೆ

ಮಾನ್ಯರೇ,

ನೈಜೀರಿಯಾದ ನೈಜರ್ ಮುಖಜಭೂಮಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ, ತೈಲದ ಕೊಳವೆಗೆ ಕನ್ನ ಕೊರೆಯುವವರು ಊರಿನವರೇ ಆಗಿರುವಾಗ ನಷ್ಟವನ್ನು ಊರಿನಿಂದಲೇ ವಸೂಲು ಮಾಡಿದರೆ ತಪ್ಪೇನೆಂದು ಕೇಳಿದ್ದೀರಿ. ನಷ್ಟ ದೊಡ್ಡದೆಂಬುದನ್ನು ನಾನೂ ಒಪ್ಪುತ್ತೇನೆ. 2022ರ ಸೆಪ್ಟೆಂಬರ್ ವೇಳೆಗೆ ಆ ದೇಶದ ಕಚ್ಚಾ ತೈಲದ ಉತ್ಪಾದನೆ ದಿನಕ್ಕೆ ಹತ್ತು ಲಕ್ಷ ಬ್ಯಾರೆಲಿಗಿಂತ ಕೆಳಗಿಳಿದಿತ್ತು, ಅದಕ್ಕೆ ಕಳ್ಳತನವೂ ಒಂದು ಮುಖ್ಯ ಕಾರಣವಾಗಿತ್ತು.

ನೀವು ಸೂಚಿಸುವ ದಂಡ ಅಲ್ಲಿ ಈಗಾಗಲೇ ಕಾನೂನಾಗಿದೆ. 2021ರ ಪೆಟ್ರೋಲಿಯಂ ಉದ್ಯಮ ಕಾಯಿದೆಯ ಪ್ರಕಾರ ಕಂಪನಿಗಳು ತಮ್ಮ ವಾರ್ಷಿಕ ನಿರ್ವಹಣಾ ವೆಚ್ಚದ ಶೇ. 3ರಷ್ಟನ್ನು ತೈಲ ತೆಗೆಯುವ ಪ್ರದೇಶದ ಜನರ ಅಭಿವೃದ್ಧಿ ನಿಧಿಗೆ ಕೊಡಬೇಕು. ಆದರೆ ಅಲ್ಲಿ ವಿಧ್ವಂಸಕ ಕೃತ್ಯದಿಂದ ಕೊಳವೆಗೆ ಹಾನಿಯಾದರೆ ದುರಸ್ತಿಯ ಖರ್ಚಿನಷ್ಟು ಹಣ ಆ ಜನರ ಕೈತಪ್ಪುತ್ತದೆ. ನನ್ನ ಆಕ್ಷೇಪ ಇರುವುದು ಇಲ್ಲಿಯೇ.

2022ರ ಅಕ್ಟೋಬರಿನಲ್ಲಿ ಫೋರ್ಕಾಡೋಸ್ ರಫ್ತು ಟರ್ಮಿನಲ್ ಬಳಿ, ಸಮುದ್ರದ ಕಡೆಗೆ ಸಾಗುವ ಸುಮಾರು 4 ಕಿ.ಮೀ. ಉದ್ದದ ಕಳ್ಳಕೊಳವೆಯೊಂದು ಪತ್ತೆಯಾಯಿತು. ಅದು ಒಂಬತ್ತು ವರ್ಷಗಳಿಂದ ಇತ್ತೆಂದು ಸರ್ಕಾರಿ ತೈಲ ಕಂಪನಿಯ ಮುಖ್ಯಸ್ಥರೇ ಹೇಳಿದರು. ಒತ್ತಡದಲ್ಲಿ ಹರಿಯುವ ತೈಲಕ್ಕೆ ಕವಾಟ ಬೆಸೆದು, ಕಡಲಲ್ಲಿ ಹಡಗು ತಂದು ನಿಲ್ಲಿಸುವುದು ದೋಣಿಯಲ್ಲಿ ಮೀನು ಹಿಡಿಯುವವರಿಂದ ಆಗುವ ಕೆಲಸವಲ್ಲ. ಕಾಯಬೇಕಾದವರು ಕಣ್ಣು ಮುಚ್ಚದೆ ಅಷ್ಟು ವರ್ಷ ನಡೆಯುವಂಥದ್ದೂ ಅಲ್ಲವೆಂದೇ ನನಗೆ ತೋರುತ್ತದೆ. ಆ ಪತ್ತೆಗೆ ಕೆಲವೇ ವಾರಗಳ ಹಿಂದೆ ಸರ್ಕಾರ ಕೊಳವೆಯ ಕಾವಲನ್ನು, ಒಂದು ಕಾಲದ ಬಂಡುಕೋರ ನಾಯಕ ಟೊಂಪೋಲೊ ಅವರ ನಂಟಿರುವ ಸಂಸ್ಥೆಗೆ ಗುತ್ತಿಗೆ ಕೊಟ್ಟಿತ್ತು.

ಊರಿನ ಯುವಕರೂ ಕದಿಯುತ್ತಾರೆ, ನಿಜ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಮರೆಯಲ್ಲಿ ಕಳ್ಳಭಟ್ಟಿ ಹೂಡಿ, ಕದ್ದ ಕಚ್ಚಾ ತೈಲ ಕಾಯಿಸಿ ಡೀಸೆಲ್ ಇಳಿಸುತ್ತಾರೆ. 2022ರ ಏಪ್ರಿಲಿನಲ್ಲಿ ಇಮೋ ರಾಜ್ಯದ ಅಂಥ ಒಂದು ಭಟ್ಟಿ ಸ್ಫೋಟಿಸಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಸೈನಿಕರು ಇಂಥ ಭಟ್ಟಿಗಳಿಗೆ ಬೆಂಕಿಯಿಟ್ಟಾಗ ಅದೇ ಎಣ್ಣೆ ಹೊಳೆಗೆ ಇಳಿಯುತ್ತದೆ, ಮಸಿ ಪೋರ್ಟ್ ಹಾರ್ಕೋರ್ಟ್ ನಗರದ ಮನೆಗಳ ಮೇಲೆ ಬೀಳುತ್ತದೆ.

ಇನ್ನು, ಕೊಳವೆ ಒಡೆದದ್ದು ಕಳ್ಳರೇ ಎಂದು ತೀರ್ಮಾನಿಸುವವರು ಯಾರು? ಅದೇ ಮುಖಜಭೂಮಿಯ ಗೋಯಿ ಮತ್ತು ಒರುಮಾ ಗ್ರಾಮಗಳ ತೈಲ ಸೋರಿಕೆಗೆ ವಿಧ್ವಂಸಕರೇ ಕಾರಣವೆಂದು ಶೆಲ್ ಕಂಪನಿ ವಾದಿಸಿತ್ತು. ಅದು ಸಾಬೀತಾಗಿಲ್ಲವೆಂದು ನೆದರ್ಲೆಂಡ್ಸ್‌ನ ಹೇಗ್ ನಗರದ ಮೇಲ್ಮನವಿ ನ್ಯಾಯಾಲಯ 2021ರ ಜನವರಿಯಲ್ಲಿ ಹೇಳಿ ಪರಿಹಾರಕ್ಕೆ ಆದೇಶಿಸಿತು. ಅಲ್ಲಿನ ರೈತರು ಮೊಕದ್ದಮೆ ಹೂಡಿದ್ದು 2008ರಲ್ಲಿ. ತೀರ್ಪು ಬರುವ ಹೊತ್ತಿಗೆ ಆ ರೈತರಲ್ಲಿ ಕೆಲವರು ತೀರಿಕೊಂಡಿದ್ದರು.

– ಸಂಪಾದಕ