ರಾತ್ರಿ ಕೇಳುತ್ತಿದ್ದ ಕಿವಿ ಬೆಳಿಗ್ಗೆ ಕೇಳುತ್ತಿಲ್ಲ

ಓದುಗರ ಪ್ರಶ್ನೆಗೆ ಕಿವಿ-ಮೂಗು-ಗಂಟಲು ತಜ್ಞರ ಉತ್ತರ

ಪ್ರಶ್ನೆ: ನನಗೆ 46 ವರ್ಷ. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮೂರು ವಾರದ ಹಿಂದೆ ಬೆಳಿಗ್ಗೆ ಎದ್ದು ಫೋನನ್ನು ಬಲಗಿವಿಗೆ ಹಿಡಿದರೆ ಏನೂ ಕೇಳಲಿಲ್ಲ. ಫೋನ್ ಕೆಟ್ಟಿತೆಂದು ಎರಡು ಸಲ ಆಫ್ ಮಾಡಿ ಆನ್ ಮಾಡಿದೆ. ಎಡಗಿವಿಗೆ ಹಿಡಿದಾಗ ಕೆಟ್ಟದ್ದು ಫೋನಲ್ಲ ಅಂತ ಗೊತ್ತಾಯಿತು. ನೋವಿಲ್ಲ, ಸೋರಿಕೆಯಿಲ್ಲ. ನೆಗಡಿಗೆ ಕಿವಿ ಕಟ್ಟಿರಬೇಕು ಅಂದುಕೊಂಡು ಔಷಧದ ಅಂಗಡಿಯಿಂದ ಡ್ರಾಪ್ಸ್ ತಂದು ಹಾಕಿದೆ. ಹೀಗೇ ಎಂಟು ದಿನ ಹೋಯಿತು. ಆಮೇಲೆ ಹುಬ್ಬಳ್ಳಿಗೆ ಹೋಗಿ ತೋರಿಸಿದೆ. ನರದ ತೊಂದರೆ ಎಂದು ಹತ್ತು ದಿನ ಸ್ಟೆರಾಯ್ಡ್ ಗುಳಿಗೆ ಕೊಟ್ಟರು. ತುಸು ಸುಧಾರಿಸಿದೆ, ಪೂರ್ತಿ ಇಲ್ಲ. ಈಗ ಕಿವಿಯೊಳಗೇ ಇಂಜೆಕ್ಷನ್ ಕೊಡೋಣ, ಎಂಆರ್‌ಐ ಮಾಡಿಸಿ ಅನ್ನುತ್ತಿದ್ದಾರೆ. ನನಗೆ ಹೆದರಿಕೆ. ರಾತ್ರಿ ಮಲಗಿದರೆ ಕಿವಿ ಗುಂಯ್ ಅನ್ನುತ್ತದೆ. ಅಂಗಡಿಯಲ್ಲಿ ಯಾರು ಯಾವ ಕಡೆಯಿಂದ ಕರೆದರೋ ತಿಳಿಯುವುದಿಲ್ಲ. 'ದೊಡ್ಡವರಾಗಿಬಿಟ್ರಿ ಬಿಡ್ರಿ, ಓ ಅನ್ನಾಕೂ ಒಲ್ರಿ' ಎಂದು ಹಳೆಯ ರೈತರೊಬ್ಬರು ಅಂದು ಹೋದರು. ಅವತ್ತು ಊಟ ಸೇರಲಿಲ್ಲ. ಕಿವಿ ಮರಳಿ ಬರುತ್ತದೆಯೇ? ನನ್ನಂಥವರು ಬೇರೆ ಯಾರಾದರೂ ಇದ್ದಾರೆಯೇ?

ಉತ್ತರ: ನಿಮ್ಮದು ಹಠಾತ್ ಕಿವುಡು. ಇಂಜೆಕ್ಷನ್ನಿನ ಮಾತು ಮೊದಲು ಮುಗಿಸೋಣ, ಅದಕ್ಕೆ ಗಡುವಿದೆ. ಗುಳಿಗೆಯಿಂದ ಪೂರ್ತಿ ಗುಣವಾಗದವರಿಗೆ ಕಿವಿಯೊಳಗಿನ ಇಂಜೆಕ್ಷನ್ ಕೊಡುವುದು, ಕಿವಿ ಹೋದ ದಿನದಿಂದ ಎರಡನೇ ವಾರ ಕಳೆದು ಆರನೇ ವಾರ ಮುಗಿಯುವುದರೊಳಗೆ. ನೀವು ಮೂರನೇ ವಾರದಲ್ಲಿದ್ದೀರಿ. ನಿಮ್ಮ ಡಾಕ್ಟರು ಸರಿಯಾದದ್ದನ್ನೇ ಹೇಳಿದ್ದಾರೆ, ಮುಂದೂಡಬೇಡಿ. ಕೇಳಲು ಭಯ ಅನ್ನಿಸಿದರೂ ಮಾಡುವುದು ಇಷ್ಟೇ: ಕಿವಿಯ ತಮಟೆಗೆ ಮರಗಟ್ಟುವ ಔಷಧ ಹಚ್ಚಿ, ಕೂದಲಿನಂಥ ಸೂಜಿಯಿಂದ ಅದರ ಹಿಂದಿನ ಪೊಳ್ಳಿಗೆ ಸ್ಟೆರಾಯ್ಡ್ ಔಷಧ ತುಂಬುತ್ತಾರೆ. ಆಮೇಲೆ ಆ ಕಿವಿ ಮೇಲಾಗುವಂತೆ ಅರ್ಧ ಗಂಟೆ ಮಗ್ಗುಲಾಗಿ ಮಲಗಬೇಕು. ಉಗುಳು ನುಂಗಬೇಡಿ ಅನ್ನುತ್ತಾರೆ, ನುಂಗಿದರೆ ಔಷಧ ಗಂಟಲಿಗೆ ಇಳಿದುಹೋಗುತ್ತದೆ. ಎರಡು ನಿಮಿಷ ತಲೆ ಸುತ್ತಬಹುದು. ತೂತು ಸಾಮಾನ್ಯವಾಗಿ ತಾನೇ ಮುಚ್ಚಿಕೊಳ್ಳುತ್ತದೆ. ಒಂದೇ ಸಲಕ್ಕೆ ಮುಗಿಯುವುದಿಲ್ಲ, ಕೆಲವು ದಿನಗಳ ಅಂತರದಲ್ಲಿ ಮೂರು ನಾಲ್ಕು ಸಲ ಬೇಕಾಗಬಹುದು. ಮರಳಿ ಹೋಗುವಾಗ ಬಸ್ಸಿಗೆ ಜೊತೆಯಲ್ಲಿ ಒಬ್ಬರಿರಲಿ.

ಎಂಆರ್‌ಐಯನ್ನೂ ಬಿಡಬೇಡಿ. ಹೀಗೆ ಒಂದೇ ಕಿವಿ ಹೋದವರಲ್ಲಿ ನೂರಕ್ಕೆ ಕೆಲವರಿಗೆ ಮಾತ್ರ ಕೇಳುವ ನರದ ಮೇಲೆ ಸಣ್ಣ ಗಡ್ಡೆ ಇರುತ್ತದೆ. ಗಡ್ಡೆ ಅಂದ ಕೂಡಲೇ ಹೌಹಾರಬೇಡಿ, ಅದು ಕ್ಯಾನ್ಸರ್ ಅಲ್ಲ, ನಿಧಾನಕ್ಕೆ ಬೆಳೆಯುವಂಥದ್ದು. ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದಕ್ಕೇ ಈ ಪರೀಕ್ಷೆ. ಇನ್ನು 'ನರಕ್ಕೆ ಶಕ್ತಿ' ಎಂದು ಬರೆದುಕೊಡುವ ವಿಟಮಿನ್, ರಕ್ತ ಓಡಿಸುವ ಗುಳಿಗೆ, ವೈರಸ್ ಗುಳಿಗೆ, ಇವುಗಳಿಂದ ಕಿವಿ ಮರಳುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆ ದುಡ್ಡು ಉಳಿಸಿಟ್ಟುಕೊಳ್ಳಿ, ಬೇರೆಯದಕ್ಕೆ ಬೇಕಾದೀತು.

ಎಂಟು ದಿನ ಕಳೆದದ್ದಕ್ಕೆ ನಿಮ್ಮನ್ನು ನೀವೇ ಬೈದುಕೊಳ್ಳುತ್ತಿದ್ದೀರಿ ಅನ್ನುವುದು ಪತ್ರದಲ್ಲಿ ಕಾಣುತ್ತದೆ. ಹಾಗಿದ್ದರೆ ನನ್ನದೊಂದು ಕೇಳಿ. ವೃತ್ತಿ ಶುರುಮಾಡಿದ ಹೊಸತರಲ್ಲಿ ನವಲಗುಂದ ಕಡೆಯ ಮೇಷ್ಟ್ರೊಬ್ಬರು 'ನಿನ್ನೆಯಿಂದ ಎಡಗಿವಿ ಕಟ್ಟೇತ್ರಿ' ಎಂದು ಬಂದರು. ನೋಡಿದೆ, ಗುಗ್ಗೆ ಇತ್ತು. ತೆಗೆದೆ. 'ಈಗ?' ಅಂದೆ. 'ಇನ್ನೂ ಹಂಗೇ ಐತ್ರಿ' ಅಂದರು. ನೀರು ಹೋಗಿರುತ್ತದೆ, ನಾಳೆ ಸರಿಹೋಗುತ್ತದೆ ಎಂದು ಕಳಿಸಿಬಿಟ್ಟೆ. ಅವರು ಮತ್ತೆ ಬಂದದ್ದು ತಿಂಗಳ ಮೇಲೆ. ಕಿವಿಯಲ್ಲಿ ಗುಗ್ಗೆ ಇದೆ ಎಂದಮಾತ್ರಕ್ಕೆ ಕಿವಿ ಕೇಳದಿರುವುದು ಗುಗ್ಗೆಯಿಂದಲೇ ಅಲ್ಲ. ಇದನ್ನು ನಾನು ಕಲಿತದ್ದು ಅವರ ಕಿವಿಯ ಖರ್ಚಿನಲ್ಲಿ. ಅಂದಿನಿಂದ 512 ಹರ್ಟ್ಸ್‌ನ ಶ್ರುತಿಕವೆ (ತಟ್ಟಿದರೆ ಒಂದೇ ಸ್ವರದಲ್ಲಿ ಮಿಡಿಯುವ ಲೋಹದ ಕವಲು) ನನ್ನ ಕೋಟಿನ ಕಿಸೆ ಬಿಟ್ಟಿಲ್ಲ.

ತೊಂದರೆ ಗುಗ್ಗೆಯದೋ ನರದ್ದೋ ಎಂದು ಆ ಕವೆ ಹೇಳುತ್ತದೆ. ಆ ಕೆಲಸವನ್ನು ಮನೆಯಲ್ಲಿ ಕುಳಿತು ಯಾರು ಬೇಕಾದರೂ ಅರೆಬರೆಯಾಗಿ ಮಾಡಬಹುದು. ನಿಮ್ಮ ಮನೆಯವರ ಕೈಲಿ ಈಗಲೇ ಮಾಡಿಸಿ: ಒಂದು ಕಿವಿಗೆ ಬೆರಳಿಟ್ಟು, ಬಾಯಿ ಮುಚ್ಚಿ 'ಹೂಂ...' ಎಂದು ಎಳೆದರೆ ದನಿ ಮುಚ್ಚಿದ ಕಿವಿಯಲ್ಲೇ ಜೋರಾಗಿ ಕೇಳುತ್ತದೆ. ಗುಗ್ಗೆ, ನೆಗಡಿ, ನೀರು ಇವುಗಳಿಂದ ಕಟ್ಟಿದ ಕಿವಿಯೂ ಹೀಗೆಯೇ, ಹೂಂಕಾರ ಕಟ್ಟಿದ ಕಡೆಗೇ ಹೋಗುತ್ತದೆ. ಒಳಗಿವಿಗೆ ಅಥವಾ ನರಕ್ಕೆ ಪೆಟ್ಟಾಗಿದ್ದರೆ ದನಿ ಕೆಟ್ಟ ಕಿವಿ ಬಿಟ್ಟು ಚೆನ್ನಾಗಿರುವ ಕಿವಿಯ ಕಡೆ ಸರಿಯುತ್ತದೆ. ಹಾಗೆ ಸರಿದರೆ ಅದೇ ದಿನ ಹೊರಡಬೇಕು. ಸರಿಯದಿದ್ದರೂ ಆಡಿಯೋಮೆಟ್ರಿ, ಅಂದರೆ ಕೇಳುವಿಕೆ ಅಳೆಯುವ ಪರೀಕ್ಷೆ, ತಪ್ಪಿಸಬಾರದು. 72 ಗಂಟೆಗಳೊಳಗೆ, ಅಕ್ಕಪಕ್ಕದ ಮೂರು ಫ್ರೀಕ್ವೆನ್ಸಿಗಳಲ್ಲಿ (ಸ್ವರದ ಎತ್ತರಗಳಲ್ಲಿ) ಕೇಳುವಿಕೆ 30 ಡೆಸಿಬಲ್ ಅಥವಾ ಹೆಚ್ಚು ಇಳಿದಿದ್ದರೆ ಅದನ್ನು ಹಠಾತ್ ಕಿವುಡು ಅನ್ನುತ್ತೇವೆ. ಅದನ್ನು ಹೇಳಬಲ್ಲದ್ದು ಆ ಗಾಜಿನ ಕೋಣೆಯ ಪರೀಕ್ಷೆಯೊಂದೇ.

ಯಾಕಾಯಿತು? ಹತ್ತರಲ್ಲಿ ಒಂಬತ್ತು ಜನರಿಗೆ ಕಾರಣ ಸಿಗುವುದಿಲ್ಲ. ವೈರಸ್ ಇರಬಹುದು, ಒಳಗಿವಿಗೆ ರಕ್ತ ಒಯ್ಯುವ ಕೂದಲೆಳೆಯಂಥ ನಾಳ ಕಟ್ಟಿರಬಹುದು. ನಿಮ್ಮ ಫೋನಿನಿಂದ ಆದದ್ದಲ್ಲ, ಮೆಣಸಿನಕಾಯಿ ಘಾಟಿನಿಂದಲೂ ಅಲ್ಲ, ಯಾರ ದೃಷ್ಟಿಯೂ ತಾಗಿಲ್ಲ.

ಮರಳುತ್ತದೆಯೇ ಎಂದು ಕೇಳಿದ್ದೀರಿ. ಔಷಧವಿಲ್ಲದೆಯೂ ಮೂರರಲ್ಲಿ ಒಬ್ಬರಿಂದ ಇಬ್ಬರಿಗೆ ಅಷ್ಟೋ ಇಷ್ಟೋ ಮರಳುವುದುಂಟು, ಅದರಲ್ಲಿ ಹೆಚ್ಚಿನದು ಮೊದಲ ಎರಡು ವಾರದಲ್ಲೇ. ವಯಸ್ಸಾದವರಿಗೆ, ಜೊತೆಯಲ್ಲಿ ತಲೆಸುತ್ತು ಬಂದವರಿಗೆ, ಪೂರ್ತಿ ಕಿವುಡಾದವರಿಗೆ ಕಡಿಮೆ. ನಿಮಗೆ ತಲೆಸುತ್ತಿನ ಮಾತಿಲ್ಲ, ತುಸು ಸುಧಾರಿಸಿದೆ ಬೇರೆ. ಇವೆರಡೂ ಒಳ್ಳೆಯ ಲಕ್ಷಣ. ಆದರೂ ಬಲಗಿವಿ ಮೊದಲಿನಂತೆ ಆಗದೇ ಇರಬಹುದು ಎಂದುಕೊಂಡೇ ಮುಂದಿನದನ್ನು ಓದಿ. ಮರಳಿದರೆ ಅದು ಲಾಭ.

ಒಂದು ಕಿವಿ ಹೋದರೆ ಅರ್ಧ ಕೇಳುತ್ತದೆ ಅಂತ ಜನ ತಿಳಿಯುತ್ತಾರೆ. ಹಾಗಲ್ಲ. ನಿಶ್ಶಬ್ದ ಕೋಣೆಯಲ್ಲಿ ಎದುರಿಗೆ ಕುಳಿತವರ ಮಾತು ಒಂದೇ ಕಿವಿಗೂ ಸಾಕು. ಹೋಗುವುದು ಎರಡು ಸಂಗತಿ: ಸದ್ದು ಯಾವ ದಿಕ್ಕಿನದು ಎಂಬ ಅಂದಾಜು, ಗದ್ದಲದಲ್ಲಿ ಒಬ್ಬರ ಮಾತನ್ನು ಹೆಕ್ಕಿಕೊಳ್ಳುವ ಶಕ್ತಿ. ದಲಾಲಿ ಅಂಗಡಿಯಲ್ಲಿ ಬೇಕಾದದ್ದು ಈ ಎರಡೇ! ಹಾಗಾಗಿ ಮೊದಲು ನಿಮ್ಮ ಗಾದಿಯ ಜಾಗ ಬದಲಿಸಿ. ಬಲಗಿವಿ ಗೋಡೆಗೆ, ಎಡಗಿವಿ ಬಾಗಿಲಿಗೆ. ಬಸ್ಸಿನಲ್ಲಿ ಬಲಬದಿಯ ಕಿಟಕಿ ಹಿಡಿಯಿರಿ, ಆಗ ಎಡಗಿವಿ ಜನರ ಕಡೆ ಇರುತ್ತದೆ, ಕಂಡಕ್ಟರ್ ಕೂಗಿದ್ದು ತಿಳಿಯುತ್ತದೆ. ಖಾನಾವಳಿಯಲ್ಲಿ ಮೂಲೆಯ ಟೇಬಲ್, ಅದೇ ಲೆಕ್ಕ. ಫೋನ್ ಎಡಗೈಗೆ ಬಂದದ್ದರಿಂದ ನಿಮಗೊಂದು ಅನುಕೂಲವೂ ಆಯಿತು, ರೇಟು ಕೇಳುತ್ತಲೇ ಬಲಗೈಯಲ್ಲಿ ಬರೆದುಕೊಳ್ಳಬಹುದು.

ಬೈಕಿನ ವಿಷಯ ಮಾತ್ರ ಗಂಭೀರ. ನಮ್ಮಲ್ಲಿ ಹಿಂದಿನ ಗಾಡಿ ದಾಟಿಹೋಗುವುದು ಬಲಗಡೆಯಿಂದ, ನಿಮಗೆ ಕೇಳದ ಕಿವಿಯೂ ಅದೇ. ಬಲಗಡೆಯ ಕನ್ನಡಿ ಒಡೆದಿದ್ದರೆ, ತಿರುವಿ ಹ್ಯಾಂಡಲಿಗೆ ಒತ್ತಿಟ್ಟಿದ್ದರೆ ಇವತ್ತೇ ಸರಿಮಾಡಿಸಿ. ರಸ್ತೆ ದಾಟುವಾಗಲೂ ಮೊದಲ ಗಾಡಿ ಬರುವುದು ಬಲದಿಂದಲೇ. ಕುತ್ತಿಗೆ ಪೂರ್ತಿ ತಿರುಗಿಸಿ ನೋಡಿ, ಹಾರ್ನ್ ನಂಬಬೇಡಿ.

ಆ ರೈತರ ಮಾತಿಗೆ ಬರೋಣ. ಕಿವುಡು ಕಣ್ಣಿಗೆ ಕಾಣುವುದಿಲ್ಲ. ಕೈಗೆ ಪಟ್ಟಿ ಕಟ್ಟಿದ್ದರೆ 'ಏನಾತ್ರಿ?' ಎಂದು ದಾರಿಹೋಕರೂ ಕೇಳುತ್ತಾರೆ. ಕಿವಿಗೆ ಹಾಗಿಲ್ಲ, ಸೊಕ್ಕು ಅಂತಲೇ ಎಣಿಸುತ್ತಾರೆ. ನೀವೇ ಹೇಳಬೇಕು, ಮೊದಲ ಮಾತಿನಲ್ಲೇ: 'ಬಲಗಿವಿ ಕೇಳೂದಿಲ್ರಿ, ಈ ಕಡೆ ಬಂದು ಮಾತಾಡ್ರಿ.' ನಾಚಿಕೆಯಿಂದ ಜನ ಮಾಡುವುದು ಇದರ ಉಲ್ಟಾ: ಕೇಳದಿದ್ದರೂ ನಕ್ಕು ಹೂಂ ಅನ್ನುವುದು. ಮನೆಯಲ್ಲಿ ಅದು ನಡೆದೀತು, ರೇಟಿನ ಮಾತಿನಲ್ಲಿ ಒಂದು ಸುಳ್ಳು ಹೂಂ ಎಷ್ಟು ಚೀಲಕ್ಕೆ ಬಿದ್ದೀತು ನೋಡಿ. 'ಏನಂದ್ರಿ?' ಎಂದು ಪೂರ್ತಿ ಮಾತು ಮತ್ತೆ ಹೇಳಿಸುವುದಕ್ಕಿಂತ ಅನುಮಾನ ಬಂದ ತುಣುಕನ್ನೇ ತಿರುಗಿ ಕೇಳಿ: 'ಎಪ್ಪತ್ತೋ, ಎಂಬತ್ತೋ?' ಎದುರಿನವರಿಗೆ ಬೇಸರ ಬರುವುದಿಲ್ಲ. ಆ ರೈತರಿಗೆ ಒಂದು ಫೋನ್ ಮಾಡಿಬಿಡಿ.

ರಾತ್ರಿಯ ಗುಂಯ್ ಶಬ್ದ ದೆವ್ವವಲ್ಲ, ಕಿವಿ ಇನ್ನಷ್ಟು ಕೆಡುತ್ತಿರುವ ಸೂಚನೆಯೂ ಅಲ್ಲ. ಕಿವಿಯಿಂದ ಸುದ್ದಿ ಬರದಿದ್ದಾಗ ಮಿದುಳು ತನ್ನ ವಾಲ್ಯೂಮ್ ಏರಿಸಿಕೊಳ್ಳುತ್ತದೆ, ಕೇಳುವುದು ಆ ಸದ್ದು. ನಿಶ್ಶಬ್ದದಲ್ಲಿ ಅದು ದೊಡ್ಡದು. ಫ್ಯಾನ್ ಹಾಕಿ, ಇಲ್ಲವೇ ರೇಡಿಯೋ ಅರ್ಥವಾಗದಷ್ಟು ಸಣ್ಣಗೆ ಇಡಿ. ಬಹುಪಾಲು ಜನರಿಗೆ ಕೆಲವು ತಿಂಗಳಲ್ಲಿ ಅದು ಇದ್ದರೂ ಇಲ್ಲದಂತಾಗುತ್ತದೆ. ನಿದ್ದೆಯೇ ಹತ್ತದಿದ್ದರೆ, ಊಟ ಬೇಡವೆನಿಸಿದರೆ, ಬದುಕೇ ಸಾಕೆನಿಸಿದರೆ 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೂ ಹೋಗಬಹುದು. ಅಲ್ಲಿಗೆ ಹೋದವರೆಲ್ಲ ಹುಚ್ಚರಲ್ಲ, ಈ ಮಾತನ್ನು ವಾರಕ್ಕೊಮ್ಮೆಯಾದರೂ ಯಾರಿಗಾದರೂ ಹೇಳುತ್ತಿರುತ್ತೇನೆ.

ನಿಮ್ಮಂಥವರು ಇದ್ದಾರೆ, ನೀವು ಪರೀಕ್ಷೆಗೆ ಕಾಯುತ್ತಾ ಕುಳಿತ ಬೆಂಚಿನಲ್ಲೇ ಇದ್ದರು. ಕೇಳುವಿಕೆ ಪರೀಕ್ಷಿಸುವ ಆಡಿಯಾಲಜಿಸ್ಟರನ್ನು ಕೇಳಿ: 'ನನ್ನ ಹಾಗೆ ಆಗಿ ಒಂದೆರಡು ವರ್ಷ ಕಳೆದವರು ಯಾರಾದರೂ ನನ್ನ ಹತ್ತಿರ ಮಾತಾಡಲು ಒಪ್ಪಿಯಾರೇ?' ಅವರು ಆ ಹಳಬರನ್ನು ಕೇಳಿ ನಂಬರ್ ಕೊಡಿಸುತ್ತಾರೆ. ನಾನು ಹೀಗೆ ಜೋಡಿಸಿದ ಕೆಲವರು ಇಂದಿಗೂ ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗುತ್ತಾರೆ. ಡಾಕ್ಟರು ಹತ್ತು ಸಲ ಹೇಳಿದ್ದಕ್ಕಿಂತ 'ನನಗೂ ಹಿಂಗ ಆಗಿತ್ತು' ಎಂಬ ಒಂದು ಮಾತು ಹೆಚ್ಚು ನಾಟುತ್ತದೆ.

ಕಿವಿ ಮಷೀನಿಗೆ ಅವಸರ ಬೇಡ. ಮೂರು ತಿಂಗಳಾದರೂ ಹೋಗಲಿ, ಮತ್ತೆ ಆಡಿಯೋಮೆಟ್ರಿ ಆಗಲಿ. ಉಳಿದ ಕೇಳುವಿಕೆ ಸಾಕಷ್ಟಿದ್ದರೆ ಮಾಮೂಲಿ ಕಿವಿ ಮಷೀನ್ ಸಾಕು. ಇಲ್ಲದಿದ್ದರೆ ಕ್ರಾಸ್ ಎಂಬ ಜೋಡಿ ಮಷೀನ್ ಇದೆ, ಕೇಳದ ಕಡೆಯ ಮೈಕು ಸದ್ದನ್ನು ಹಿಡಿದು ಚೆನ್ನಾಗಿರುವ ಕಿವಿಗೆ ಕಳಿಸುತ್ತದೆ. ಕೆಲವರಿಗೆ ಮೂಳೆಯ ಮೂಲಕ ಕೇಳಿಸುವ ಸಾಧನ, ಒಳಗಿವಿಯಲ್ಲಿ ಶಸ್ತ್ರಚಿಕಿತ್ಸೆಯಿಂದ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಕೂಡ ಆದೀತು. ಅಂಗಡಿಯ ಏಸಿ ಕೋಣೆಯಲ್ಲಿ ಹಾಕಿ ನೋಡಿ ದುಡ್ಡು ಕೊಡಬೇಡಿ. ಒಂದು ವಾರ ಪ್ರಯೋಗಕ್ಕೆ ಕೇಳಿ, ಬ್ಯಾಡಗಿಯ ಸಂತೆ ಗದ್ದಲದಲ್ಲಿ ಪರೀಕ್ಷೆ ಆಗಲಿ. ಇನ್ನೊಂದು ಅಭಿಪ್ರಾಯ ಬೇಕಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯನ್ನು ಧಾರಾಳವಾಗಿ ನಂಬಬಹುದು. ಅಂಗವಿಕಲರ ಕಾರ್ಡ್ ಆಗುತ್ತದೆಯೇ ಎಂದು ಅನೇಕರು ಕೇಳುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಶ್ರವಣದೋಷವನ್ನು ಎರಡೂ ಕಿವಿಗಳ ಲೆಕ್ಕದಲ್ಲೇ ಹೇಳುತ್ತದೆ, ಒಂದೇ ಕಿವಿಗೆ ಸಿಗುವುದು ಕಷ್ಟ. ಇದು ನ್ಯಾಯವಲ್ಲ ಅಂತ ನನಗೂ ಅನ್ನಿಸುತ್ತದೆ, ಆದರೆ ಯಾರಾದರೂ ದುಡ್ಡು ಇಸಕೊಂಡು ಮಾಡಿಸಿಕೊಡುತ್ತೇನೆ ಅಂದರೆ ನಂಬಬೇಡಿ.

ಪ್ರಶ್ನೆ: ನಮ್ಮತ್ತಿಯವರಿಗೆ 67 ವರ್ಷ, ಶುಗರ್ ಇದೆ. ಮೊನ್ನೆ ಒಮ್ಮಿಂದೊಮ್ಮೆಲೇ ಒಂದು ಕಿವಿ ಕೇಳದಂತಾಗಿದೆ. ಸ್ಟೆರಾಯ್ಡ್ ಕೊಟ್ಟರೆ ಶುಗರ್ ಏರುತ್ತದೆ ಎಂದು ಮನೆಯವರು ಹೆದರುತ್ತಿದ್ದಾರೆ. ಜಾತ್ರೆ ಮುಗಿಸಿಕೊಂಡು ತೋರಿಸಿದರೆ ನಡೆಯುವುದೇ? (ಗದಗ-ಬೆಟಗೇರಿ)

ಉತ್ತರ: ನಡೆಯುವುದಿಲ್ಲವ್ವ. ತೇರು ಮುಂದಿನ ವರ್ಷವೂ ಎಳೆಯುತ್ತಾರೆ. ಚಿಕಿತ್ಸೆಯ ಫಲ ಹೆಚ್ಚಾಗಿ ಮೊದಲ ಎರಡು ವಾರದಲ್ಲಿದೆ, ಅದರಲ್ಲೂ ಮೊದಲ ದಿನಗಳಲ್ಲಿ. ಗದಗದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಇಎನ್‌ಟಿ ವಿಭಾಗಕ್ಕೆ ನಾಳೆಯೇ ಹೋಗಿ. ಶುಗರ್ ಏರುವುದು ನಿಜ, ಅದಕ್ಕೆ ದಿನಾ ಪರೀಕ್ಷಿಸುತ್ತಾ ಶುಗರ್ ಔಷಧ ಹೊಂದಿಸುತ್ತಾರೆ. ತೀರಾ ಹತೋಟಿಯಲ್ಲಿಲ್ಲದಿದ್ದರೆ ಗುಳಿಗೆ ಬಿಟ್ಟು, ಮೇಲೆ ಬರೆದ ಕಿವಿಯೊಳಗಿನ ಇಂಜೆಕ್ಷನ್ನನ್ನೇ ಮೊದಲಿಗೆ ಕೊಡಬಹುದು, ಅದು ಮೈಗೆ ಸೇರುವುದು ಬಹಳ ಕಡಿಮೆ. ಅಲ್ಲಿ ಈ ಪ್ರಶ್ನೆಯನ್ನು ನೀವೇ ಎತ್ತಿ. ಕಿವಿಯ ಜೊತೆಗೆ ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಕೈಕಾಲು ಬಲ ತಪ್ಪುವುದು ಇದ್ದರೆ ನಾಳೆಯಲ್ಲ, ಈಗಲೇ 108ಕ್ಕೆ ಫೋನ್ ಮಾಡಿ, ಅದು ಲಕ್ವ ಇರಬಹುದು.

ಅವರ ಹತ್ತಿರ ಚೀರಿ ಮಾತಾಡಬೇಡಿ. ಒಲೆಯ ಕಡೆ ಮುಖ ಮಾಡಿ ಹೇಳಿದರೆ ಕೇಳುವುದಿಲ್ಲ. ಮುಂದೆ ಬಂದು, ಬೆಳಕಿನಲ್ಲಿ ಮುಖ ತೋರಿಸಿ, ತುಸು ನಿಧಾನಕ್ಕೆ. ಮೊಮ್ಮಕ್ಕಳಿಗೂ ಇದನ್ನೇ ಕಲಿಸಿ.

ಪ್ರಶ್ನೆ: ಕಿವಿ ಕಟ್ಟಿದಾಗ ಬಳ್ಳೊಳ್ಳಿ ಹಾಕಿ ಕಾಸಿದ ಎಣ್ಣೆ ಬಿಡಬಹುದೇ? (ಧಾರವಾಡ)

ಉತ್ತರ: ಬೇಡ. ಬಿಸಿಯಿದ್ದರೆ ಸುಡುತ್ತದೆ. ತಮಟೆಯಲ್ಲಿ ತೂತಿದ್ದರೆ ಒಳಗಿಳಿದು ಕೀವಾಗುತ್ತದೆ. ತೂತಿಲ್ಲದಿದ್ದರೆ ತಮಟೆಯ ಈಚೆಗೇ ನಿಲ್ಲುತ್ತದೆ, ಒಳಗಿವಿಗೆ ತಲುಪುವುದೇ ಇಲ್ಲ. ಅವಸರದಲ್ಲಿ ಬಂದ ರೋಗಿಯ ಮೊದಲ ಹತ್ತು ನಿಮಿಷ ಎಣ್ಣೆ ಒರೆಸಿ, ಬಳ್ಳೊಳ್ಳಿ ಸಿಪ್ಪೆ ಹೆಕ್ಕುವುದರಲ್ಲೇ ಹೋಗುತ್ತದೆ.