ದಿನಚರಿ ಬರೆದಷ್ಟೂ ಅಣ್ಣನ ಮೇಲಿನ ಸಿಟ್ಟು ಹೆಚ್ಚುತ್ತಿರುವುದೇಕೆ?

ಹೊಲದ ಪಾಲಿನ ಜಗಳದ ನಂತರ ಪ್ರತಿ ರಾತ್ರಿ ದಿನಚರಿ ಬರೆದರೂ ಅಣ್ಣನ ಮೇಲಿನ ಸಿಟ್ಟು ಇಳಿಯುತ್ತಿಲ್ಲ ಎಂದಿದ್ದೀರಿ. ನಡೆದದ್ದನ್ನು ಬರೆಯದೆ ನಿಮ್ಮ ದೂರನ್ನಷ್ಟೇ ಮತ್ತೆ ಮತ್ತೆ ಬರೆಯುತ್ತಿರುವುದು ಬಹುಶಃ ಇದಕ್ಕೆ ಕಾರಣ. ದಿನಚರಿಯನ್ನು ಸದ್ಯಕ್ಕೆ ನಿಲ್ಲಿಸಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮನಸ್ಸಿನ ನೋವನ್ನು ಬರೆಯುವ ಬಗ್ಗೆ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಜನರು ಬರೆದದ್ದು ದಿನಕ್ಕೆ 15 ನಿಮಿಷದಂತೆ ನಾಲ್ಕೇ ದಿನ.

ಮೊದಲು, ಜಗಳವಾದ ಆ ಒಂದು ದಿನವನ್ನು ಮಾತ್ರ ಕಥೆಯಾಗಿ ಬರೆಯಿರಿ. ‘ನಾನು’ ಎನ್ನುವಲ್ಲೆಲ್ಲ ‘ತಮ್ಮ’ ಎಂದಿಟ್ಟು, ಯಾರು ಏನೆಂದರು, ಯಾವ ಮಾತಿಗೆ ಯಾರು ಸುಮ್ಮನಾದರು ಎಂಬುದನ್ನು ದಾಖಲಿಸಿ, ‘ಸೊಕ್ಕು’, ‘ಮೋಸ’ ಎಂಬಂತಹ ತೀರ್ಪಿನ ಪದಗಳನ್ನು ಹೊರಗಿಡಿ.

ಮರುದಿನ ಅದೇ ಕಥೆಯನ್ನು ಅಣ್ಣನ ಬಾಯಿಂದ ಹೇಳಿಸಿ. ಕಷ್ಟದ ಹಂತ ಇದೇ, ಅವಸರ ಬೇಡ. ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ತಂದ, ನಿಮ್ಮ ಕೊಪ್ಪಳ ಸೀಮೆಯದೇ ಆದ ತೊಗಲುಗೊಂಬೆಯಾಟದಲ್ಲಿ ಪರದೆಯ ಹಿಂದಿನ ಒಬ್ಬರೇ ರಾಮನಿಗೂ ರಾವಣನಿಗೂ ದನಿಯಾಗುವುದುಂಟು. ಅಣ್ಣನ ವಾದವನ್ನೂ ನೀವು ಅಷ್ಟೇ ಮನಸಾರೆ ಬರೆಯಬೇಕು.

ಹಾಗೆ ಬರೆಯುವಾಗ ‘ಇಲ್ಲಿ ಅವನು ಏನೆಂದುಕೊಂಡನೋ ತಿಳಿಯದು’ ಎಂದು ಲೇಖನಿ ನಿಲ್ಲುವ ಜಾಗಗಳಿಗೆ ಗುರುತು ಹಾಕಿಕೊಳ್ಳಿ, ಏಕೆಂದರೆ ಉಳಿದದ್ದೂ ನಿಮ್ಮ ಊಹೆಯೇ. ಪಾಲಿನ ವಿವಾದ ಇದರಿಂದ ಬಗೆಹರಿಯುತ್ತದೆಂದು ಹೇಳಲಾರೆ. ಆದರೆ ಆ ಗುರುತುಗಳನ್ನೇ ಪ್ರಶ್ನೆಗಳಾಗಿಸಿ, ಹಿರಿಯರನ್ನು ಕೂಡಿಸುವ ಮುನ್ನ, ಒಬ್ಬರೇ ಹೋಗಿ ಅಣ್ಣನನ್ನು ಕೇಳಿ.